ಗೋಡೆಗೆ ಮುಖ ಮಾಡಿದ ಶಿಫಾರಸು

ಮನೆ, ಇಸ್ತ್ರಿ ಮೇಜಿನಿಂದ
ಶನಿವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಮುದ್ದು ಪೀಪಿ,

ಹೇಗಿದ್ದೀಯೇ? ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲಾ ಬಿಸಿನೀರು ಕುಡಿಯುತ್ತಿದ್ದೇನೆ ಎಂದು ನನಗೆ ಬರೆಯುತ್ತಿದ್ದೀಯೋ? ಎರಡೂ ಬೇರೆ ಬೇರೆ ಎಂಬುದು ಹೆತ್ತವಳಿಗೆ ಗೊತ್ತಿರುತ್ತದೆ. ರಾತ್ರಿ ಕಿಟಕಿ ಮುಚ್ಚಿ ಮಲಗು. ಹೊಟ್ಟೆ ತುಂಬ ತಿನ್ನು. ಗಾಯಕಿಯರು ಗಾಳಿ ಕುಡಿದು ಬದುಕುತ್ತಾರೆ ಎಂದು ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡಲ್ಲೆಲ್ಲ ಅಪಸ್ವರ ಎತ್ತುತ್ತದೆ. ನಿನ್ನ ಅಪ್ಪನ ದೇಹಕ್ಕೆ ಯಾವ ತೊಂದರೆಯೂ ಇಲ್ಲ. ಊದಿಕೊಂಡಿರುವುದು ಅಭಿಪ್ರಾಯಗಳು, ಅದಕ್ಕೆ ಯಾವ ಅಂಗಡಿಯಲ್ಲೂ ಮುಲಾಮು ಸಿಗುವುದಿಲ್ಲ.

ನಿನ್ನ ಕಾಗದದಲ್ಲಿ ಎರಡು ಪ್ರಶ್ನೆ ಇದ್ದವು. ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಕೇಳಿದ್ದೀಯ: ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಹುಡುಗಿಯರೆಲ್ಲ ಸಂಗೀತದ ಹುಚ್ಚಿನವರು, ಅವರಿಗೆ ಕೇಳಲೇಬೇಕಾದ ಹಾಡುಗಾರರು, ಆಲ್ಬಂಗಳು, ನೋಡಲೇಬೇಕಾದ ಕಛೇರಿಗಳು ಯಾವುವೆಂದು ಅಪ್ಪನ ಕೂಟದವರನ್ನು ವಿಚಾರಿಸಿ ತಿಳಿಸಬೇಕು. ಎರಡನೆಯದನ್ನು ಕಾಗದದ ಅಂಚಿನಲ್ಲಿ, ಇರುವೆ ಸಾಲಿನಂತೆ ಬರೆದಿದ್ದೀಯ: ಮುಂದಿನ ತಿಂಗಳು ನಮ್ಮೂರಿನ ಸಭಾಂಗಣದಲ್ಲಿ ನೀನು ಹಾಡುವ ದಿನ ಅಪ್ಪ ಬರುತ್ತಾರೋ ಇಲ್ಲವೋ. 'ಅವ್ರು ಬರಲ್ಲ ಅಂದ್ರೆ ಹಾಲ್‌ನವ್ರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಮ್ಮಾ' ಎಂದಿದ್ದೀಯ. ನಿನ್ನ ಅಕ್ಷರ ಚಿಕ್ಕದಾದಷ್ಟೂ ಮಾತು ದೊಡ್ಡದು ಎಂಬುದು ಶಾಲೆಯಲ್ಲಿ ಅಂಕಪಟ್ಟಿ ತರುತ್ತಿದ್ದ ಕಾಲದಿಂದ ನನಗೆ ಗೊತ್ತು. ಆದರೂ ಮೊದಲು ದೊಡ್ಡ ಅಕ್ಷರದ್ದಕ್ಕೆ ಉತ್ತರ. ಕಹಿ ಗುಳಿಗೆಗೆ ಮೊದಲು ಸ್ವಲ್ಪ ನಗು ಇರಲಿ.

ಆ ಹುಡುಗಿಯರಿಗೆ ಮೊದಲು ಕೂಟದ ಪರಿಚಯ ಮಾಡಿಕೊಡು. ನಮ್ಮದು ಕನ್ನಡಕದ ಅಂಗಡಿ, ಅದರ ಹಿಂದೆಯೇ ಮನೆ, ನಡುವೆ ಕಣ್ಣು ಪರೀಕ್ಷೆಯ ಕೋಣೆ. ಭಾನುವಾರ ಅಂಗಡಿಗೆ ರಜೆಯಾದ್ದರಿಂದ ಆ ಕೋಣೆಯಲ್ಲಿ ಕಿವಿಗಳ ಪರೀಕ್ಷೆ ನಡೆಯುತ್ತದೆ. ಅಪ್ಪನ ಹಳೆಯ ರೆಕಾರ್ಡ್ ಪ್ಲೇಯರ್ ಲೆನ್ಸ್ ಡಬ್ಬಿಗಳ ಮೇಲೆ ವಿರಾಜಮಾನ. ಫೋನಿನಲ್ಲಿ ಹಾಡು ಕೇಳುವವರಿಗೆ ಒಳಗೆ ಪ್ರವೇಶವಿಲ್ಲ. 'ಫೋನ್ ಇರೋದು ಹಲೋ ಅನ್ನಕ್ಕೆ' ಎಂಬುದು ಅಪ್ಪನ ಸಿದ್ಧಾಂತ. ಕೂಟಕ್ಕೆ ಒಂದೇ ಒಂದು ನಿಯಮ, ಅದನ್ನು ಮಾಡಿದವರೂ ಅವರೇ. ಯಾರು ಒಂದು ರೆಕಾರ್ಡನ್ನು ಶಿಫಾರಸು ಮಾಡುತ್ತಾರೋ ಅವರು ಹಾಡು ಮುಗಿಯುವವರೆಗೂ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರಬೇಕು. 'ಶಿಫಾರಸು ಮಾಡಿದೋನ ಮುಖ ಭಿಕ್ಷುಕನ ಮುಖ. ಚೆನ್ನಾಗಿದೆ ಅನ್ನಿ, ಚೆನ್ನಾಗಿದೆ ಅನ್ನಿ ಅಂತ ಕೈಯೊಡ್ಡುತ್ತೆ' ಎನ್ನುತ್ತಾರೆ. ಆ ಗೋಡೆಯ ಮೇಲಿರುವುದು ಕಣ್ಣು ಪರೀಕ್ಷೆಯ ಅಕ್ಷರಪಟ. ಹಾಗಾಗಿ ಕೂಟದವರಿಗೆಲ್ಲ ಅದು ಬಾಯಿಪಾಠ, ಯಾರ ಕಣ್ಣು ಹಾಳಾಗಿದ್ದರೂ ನಮ್ಮ ಅಂಗಡಿಯಲ್ಲಿ ಮಾತ್ರ ಪತ್ತೆಯಾಗುವುದಿಲ್ಲ.

ಇನ್ನು ಶಿಫಾರಸುಗಳು. ಹಲ್ಲಿನ ಡಾಕ್ಟರು ಹೇಳುವುದು ಒಬ್ಬ ಗಾಯಕನನ್ನು. ಆತ ಒಂದು ಸ್ವರ ಹಿಡಿದರೆ ನಾನು ಪಾತ್ರೆ ತೊಳೆದು, ಒರೆಸಿ, ಜೋಡಿಸಿ ಬಂದರೂ ಬಿಟ್ಟಿರುವುದಿಲ್ಲ. ಬಾಯಿ ತೆರೆದುಕೊಂಡೇ ಇರುವವರ ಮೇಲೆ ಡಾಕ್ಟರಿಗೆ ಮಮತೆ ಜಾಸ್ತಿ, ವೃತ್ತಿಯ ಅಭ್ಯಾಸ. ಸೋಫಾ ಅಂಗಡಿಯಾಕೆ ಆಲ್ಬಮ್ಮನ್ನು ಹೊದಿಕೆಯ ಬಣ್ಣ ನೋಡಿ ಆರಿಸುತ್ತಾಳೆ. ಕಳೆದ ವಾರ ತಂದದ್ದು ಸಮುದ್ರನೀಲಿ, ಒಳಗೆ ಮೂವರು ತಮಟೆಯವರು ಜಗಳವಾಡುತ್ತಿದ್ದರು. 'ಪರದೆಗೆ ಮ್ಯಾಚ್ ಆಗುತ್ತೆ ನೋಡಿ' ಎಂದಳು. ನಿನ್ನ ಸೋದರಮಾವ, ಅಂದರೆ ನನ್ನ ಸ್ವಂತ ಅಣ್ಣ (ಆರಿಸಿಕೊಳ್ಳುವ ಅವಕಾಶ ಇರಲಿಲ್ಲ), ಎಲ್ಲವನ್ನೂ ಶಿಫಾರಸು ಮಾಡುತ್ತಾನೆ. ಹಾಡು ಶುರುವಾಗುವ ಮೊದಲೇ 'ಆಹಾ' ಎನ್ನುತ್ತಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನೊಬ್ಬ ಗಾದೆಯಲ್ಲಿದ್ದಾನಲ್ಲ, ಇವನು ಕರುವಿಗೆ ಹೆಸರನ್ನೂ ಇಟ್ಟು ಬರುವವನು. ಅಪ್ಪ ಶಿಫಾರಸು ಮಾಡುವುದು ತೀರಿಕೊಂಡವರನ್ನು ಮಾತ್ರ. 'ಬದುಕಿರೋರು ನಾಳೆ ತಪ್ಪು ಹಾಡ್ಬಹುದು, ಆಗ ನನ್ನ ಮಾತಿನ ಗತಿ ಏನು?' ಎಂಬುದು ಅವರ ಭಯ. ಸತ್ತವರ ಪರವಾಗಿ ಗೋಡೆಗೆ ಮುಖ ಮಾಡಿ ಕೂತಾಗಲೂ ಅವರ ಬೆನ್ನು ತೀರ್ಪುಗಾರರ ಬೆನ್ನೇ.

ಕಛೇರಿ ಕೇಳಬೇಡಿ ಎಂಬುದೇ ಕಛೇರಿಗಳ ಬಗ್ಗೆ ಕೂಟದ ಶಿಫಾರಸು. ಅದಕ್ಕೊಂದು ಕಥೆ ಇದೆ. ಒಬ್ಬ ಕೊಳಲಿನವನ ರೆಕಾರ್ಡನ್ನು ಇವರೆಲ್ಲ ವರ್ಷಾನುಗಟ್ಟಲೆ ಪೂಜಿಸಿದರು. ಎಂಥ ಗಾಂಭೀರ್ಯ, ಎಂಥ ನಿಧಾನ, ಆನೆ ನಡೆದ ಹಾಗೆ ಎಂದು ಹೊಗಳಿದ್ದೇ ಹೊಗಳಿದ್ದು. ಕಳೆದ ವರ್ಷ ಆತ ಖುದ್ದು ಊರಿಗೆ ಬಂದ. ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದರು (ಇಸ್ತ್ರಿ ಯಾರದ್ದು ಎಂದು ಕೇಳಬೇಡ). ಆತ ಅದನ್ನೇ ನುಡಿಸಿದ, ಆದರೆ ಚುರುಕಾಗಿ, ಎತ್ತರದ ಶ್ರುತಿಯಲ್ಲಿ, ನಗುನಗುತ್ತಾ. ನನಗೆ ಕಾಲು ಕುಣಿಯುವಂತಾಯಿತು. ಇವರ ಮುಖಗಳು ಮಾತ್ರ ಸಾಲಾಗಿ ಬಾಡಿದವು. 'ಬಸ್ ಹಿಡಿಯೋರ ಥರ ಓಡ್ತಾನೆ, ಕೆಟ್ಟುಹೋದ ಮನುಷ್ಯ' ಎಂದರು ಡಾಕ್ಟರು. ರೆಕಾರ್ಡ್ ಸತ್ಯ, ಮನುಷ್ಯ ಸುಳ್ಳು ಎಂದು ಅಪ್ಪ ಅಲ್ಲೇ ನಿರ್ಣಯ ಮಂಡಿಸಿದರು. ಆವತ್ತಿನಿಂದ ಯಾವ ಸಭಾಂಗಣದ ಮೆಟ್ಟಿಲೂ ಹತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರೋ ಕೇಳಲಾರದೆ ಕೊಳಲು ಡೊಂಕು ಎಂದವರು.

ನಿನ್ನ ಗೆಳತಿಯರಿಗೆ ನನ್ನ ಶಿಫಾರಸು ಬೇಕಿದ್ದರೆ ಇಷ್ಟು ಹೇಳು. ಆ ಕೊಳಲಿನವನು ಹತ್ತಿರದಲ್ಲೆಲ್ಲಾದರೂ ನುಡಿಸಿದರೆ ಇದ್ದ ಕೆಲಸ ಬಿಟ್ಟು ಹೋಗಲಿ. ಆಲ್ಬಂ ಕೊಳ್ಳುವುದಾದರೆ ಸಭೆಯಲ್ಲೇ ಧ್ವನಿ ಹಿಡಿದದ್ದನ್ನು ಕೊಳ್ಳಲಿ. ನನ್ನ ಹತ್ತಿರ ಒಬ್ಬ ಮುದುಕಿಯದ್ದಿದೆ. ನಡುವೆ ಆಕೆ ಕೆಮ್ಮುತ್ತಾಳೆ, 'ಕ್ಷಮಿಸ್ರಪ್ಪಾ' ಎನ್ನುತ್ತಾಳೆ, ಮತ್ತೆ ಅದೇ ಸಾಲು ಎತ್ತಿಕೊಳ್ಳುತ್ತಾಳೆ. ಎರಡನೇ ಸಲದ ಆ ಸಾಲಿಗಾಗಿ ನಾನು ಆಲ್ಬಂ ಪೂರ್ತಿ ಸಹಿಸಿಕೊಳ್ಳುತ್ತೇನೆ. ಕೂಟ ಅದನ್ನು ತಿರಸ್ಕರಿಸಿತು, ಕಾರಣ ಕೆಮ್ಮು. ಮತ್ತೊಂದು ಮಾತು. ಯಾರಾದರೂ ತನ್ನ ಮೆಚ್ಚಿನ ಗಾಯಕನ ಬಗ್ಗೆ ಹೇಳುತ್ತಾ ಕಣ್ಣು ಮುಚ್ಚಿದರೆ ಅಲ್ಲಿಂದ ಎದ್ದು ಬರಲಿ. ಅವರಿಗೆ ಹಾಡು ಇಷ್ಟವಲ್ಲ, ಹಾಡು ಇಷ್ಟಪಡುವ ತಾವು ಇಷ್ಟ.

ಈಗ ಗುಳಿಗೆ. ಅಪ್ಪನಿಗಾಗಿಯೇ ನೀನು ಹಟ ಹಿಡಿದು ನಿನ್ನ ಆಲ್ಬಮ್ಮನ್ನು ರೆಕಾರ್ಡಿನ ರೂಪದಲ್ಲೂ ಮಾಡಿಸಿ ಕಳಿಸಿದೆಯಲ್ಲ, ಅದನ್ನು ಎರಡು ಭಾನುವಾರಗಳ ಹಿಂದೆ ಹಾಕಿದರು. ಶಿಫಾರಸಿಗೆ ನಿಂತವನು ನಿನ್ನ ಮಾವ. 'ಆಹಾ' ಎಂದು ಗೋಡೆಗೆ ತಿರುಗಿದ. ಪೀಪಿ ಎಂದು ನಿನಗೆ ಹೆಸರು ಬಿದ್ದದ್ದೇ ನಿನ್ನ ಎತ್ತರದ ದನಿಯಿಂದ. ಆದರೆ ಪ್ಲೇಯರಿನಿಂದ ಹೊರಟ ದನಿ ಕೇಳಿ ನಾನು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದೆ, ನೆಗಡಿಯಾದ ಗಂಡಸೊಬ್ಬ ಬಾವಿಯೊಳಗೆ ಕೂತು ಹಾಡಿದ ಹಾಗಿತ್ತು. ಡಾಕ್ಟರು ಮೇಲೆ ನೋಡಿದರು, ಸೋಫಾದಾಕೆ ಕೆಳಗೆ ನೋಡಿದಳು, ನನ್ನ ಅಣ್ಣ ಗೋಡೆಯನ್ನು ಬಿಡಲೇ ಇಲ್ಲ. ಅಪ್ಪ ಮೆಲ್ಲಗೆ ಎದ್ದು ಮುಳ್ಳು ಎತ್ತಿಟ್ಟರು. 'ಗಂಟಲು ಹೋಯ್ತು ಮಗೂದು. ಊರೂರು ಸುತ್ತಿ ಹಾಳುಮಾಡ್ಕೊಂಡ್ಳು. ನಾನು ಹೋಗಿ ಅದನ್ನ ನೋಡ್ಕೊಂಡು ಕೂರಲ್ಲ' ಎಂದರು. ನಾನು ಜಗಳಕ್ಕೆ ಸಿದ್ಧಳಾಗಿ ಹೋದವಳು ಆ ಮುಖ ನೋಡಿ ಇಸ್ತ್ರಿ ಮೇಜಿಗೆ ಮರಳಿದೆ. ಮಾರನೆಯ ದಿನ ಗಿರಾಕಿಯೊಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿಕೊಟ್ಟಿದ್ದಾರೆ. ಅಪ್ಪ ನಿನ್ನ ಕಛೇರಿಗೆ ಬರುವುದಿಲ್ಲ ಎನ್ನುತ್ತಿರುವುದು ಸೊಕ್ಕಿಗಲ್ಲ ಕಣೇ. ಸೊಕ್ಕಾಗಿದ್ದರೆ ಇಷ್ಟು ಹೊತ್ತಿಗೆ ನಾನು ಇಳಿಸುತ್ತಿದ್ದೆ.

ಮೊನ್ನೆ ಅವರಿಲ್ಲದಾಗ ನಾನೇ ನಿನ್ನ ರೆಕಾರ್ಡ್ ಹಾಕಿಕೊಂಡು ಇಸ್ತ್ರಿಗೆ ನಿಂತೆ. ನೀನು ಮೊದಲ ಹಾಡನ್ನು ಹಿತ್ತಿಲ ಬಾಗಿಲಲ್ಲಿ ಅಭ್ಯಾಸ ಮಾಡುತ್ತಿದ್ದ ವರ್ಷಗಳು ನೆನಪಿದೆಯಾ? ನೀನು ಪಲ್ಲವಿ ಎತ್ತಿದಾಗ ನಾನು ಅಪ್ಪನ ಅಂಗಿಯ ಕಾಲರಿಗೆ ಕೈಹಾಕಿದರೆ, ನೀನು ಮುಗಿಸುವಾಗ ಸರಿಯಾಗಿ ಅಂಗಿ ಮಡಚಿ ಇಡುತ್ತಿದ್ದೆ. ಈಗ ಅಂಗಿ ಮುಗಿಯಿತು, ನೀನು ಮುಗಿಯಲಿಲ್ಲ. ಒಂದು ದಿಂಬಿನ ಚೀಲವನ್ನೂ ಮಾಡಿದೆ. ಹಾಡು ಇನ್ನೂ ನಡೆದಿತ್ತು! ನಿಧಾನವಾಗಿ ಹಾಡಿದ್ದಾಳೇನೋ ಎಂದುಕೊಂಡೆ. ಆದರೆ ನೀನು, ನಿಧಾನ? ಹುಟ್ಟುವಾಗಲೇ ಡಾಕ್ಟರಮ್ಮ ಕೈತೊಳೆದು ಬರುವಷ್ಟು ಪುರಸೊತ್ತು ಕೊಡದವಳು. ಇಸ್ತ್ರಿಪೆಟ್ಟಿಗೆ ಆರಿಸಿ ಪ್ಲೇಯರಿನ ಮೇಲಿನ ತಟ್ಟೆ ಎತ್ತಿದೆ. ಒಳಗೆ ಅದನ್ನು ತಿರುಗಿಸುವ ರಬ್ಬರ್ ಪಟ್ಟಿ ಅಪ್ಪನ ಹಳೇ ಪೈಜಾಮದ ಇಲಾಸ್ಟಿಕ್ಕಿನಂತೆ ಜೋತುಬಿದ್ದಿತ್ತು. ವರ್ಷವರ್ಷವೂ ಅದು ಸ್ವಲ್ಪ ಸಡಿಲಾಗಿದೆ, ಹಾಡು ಸ್ವಲ್ಪ ನಿಧಾನವಾಗಿದೆ, ದನಿ ಸ್ವಲ್ಪ ದಪ್ಪವಾಗಿದೆ, ಕೂಟದ ಕಿವಿಗಳು ಅದಕ್ಕೆ ತಕ್ಕಂತೆ ಬಾಗುತ್ತಾ ಬಂದಿವೆ. ಇಷ್ಟು ಕಾಲ ಈ ಮಹಾರಸಿಕರು ತಲೆದೂಗಿದ ಗಾಂಭೀರ್ಯ, ಆನೆ ನಡಿಗೆ ಎಲ್ಲವೂ ಒಂದು ಸೋತ ರಬ್ಬರಿನದು. ಕೊಳಲಿನವನು ಓಡುತ್ತಿರಲಿಲ್ಲ, ಇವರ ತಟ್ಟೆ ತೆವಳುತ್ತಿತ್ತು. ನಕ್ಕು ನಕ್ಕು ದಿಂಬಿನ ಮೇಲೆಯೇ ಕೂತೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಡಾಕ್ಟರು ಉಪಸಮಿತಿ ರಚಿಸುತ್ತಾರೆ, ಅಪ್ಪ 'ನೀನು ತಾಯಿ, ನಿನಗೆ ಹಾಗೇ ಕೇಳುತ್ತೆ' ಎನ್ನುತ್ತಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಿದರೆ ಅದು ಬಾಲ ಎನ್ನುವ ಜನ. ಆದ್ದರಿಂದ ರೇಡಿಯೋ ರಿಪೇರಿಯವನಿಂದ ಹೊಸ ಪಟ್ಟಿ ತಂದು, ಅಪ್ಪ ಗಾಜು ತರಲು ಹೋಗಿರುವ ಈ ಮಧ್ಯಾಹ್ನವೇ ಹಾಕಿ, ಕೈ ತೊಳೆದು ನಿನಗೆ ಬರೆಯಲು ಕೂತಿದ್ದೇನೆ. ನಾಳೆ ಭಾನುವಾರ. ಹೊಸ ಪಟ್ಟಿ ಹಾಡನ್ನು ಸರಿಮಾಡುತ್ತದೆ, ಕಿವಿಗಳನ್ನು ಸರಿಮಾಡುತ್ತದೆಯೋ ಇಲ್ಲವೋ ಹೇಳುವ ಧೈರ್ಯ ನನಗಿಲ್ಲ. ಕಾಗದ ಸೋಮವಾರವೇ ಅಂಚೆಗೆ ಹೋಗುವುದು. ಹಾಲ್‌ನವರಿಗೆ ನೀನೇನೂ ಹೇಳಿಬಿಡಬೇಡ.

ನಿನ್ನ ಕೋಣೆಯ ಹುಡುಗಿಯರಿಗೆ ನನ್ನ ನೆನಪು ಹೇಳು. ನಿನ್ನ ದನಿಗೆ ದೃಷ್ಟಿ ತಾಗದಿರಲಿ, ಗಂಟಲು ತಣ್ಣಗಿರಲಿ, ನೀರು ಬಿಸಿಯಾಗಿರಲಿ. ನೂರು ಕಾಲ ಹಾಡು.

ನಿನ್ನನ್ನು ಹೆತ್ತ ತಪ್ಪಿಗೆ ಈ ಕೂಟಕ್ಕೆ ಇಸ್ತ್ರಿ ಹಾಕುತ್ತಿರುವ,
ಅಮ್ಮ

ಸೇರಿಸಿದ ಮಾತು, ಭಾನುವಾರ ಸಂಜೆ, ಅವಸರದಲ್ಲಿ: ಮೊದಲು ಕೊಳಲಿನವನನ್ನೇ ಹಾಕಿದರು. ಡಾಕ್ಟರು ಎದ್ದುನಿಂತು 'ಮೆಷಿನ್ ಕೆಟ್ಟೋಯ್ತು!' ಎಂದು ಕೂಗಿದರು. ಅಣ್ಣ ಅಭ್ಯಾಸಬಲದಿಂದ 'ಆಹಾ' ಅಂದು, ಆಮೇಲೆ ವಾಪಸ್ ತಗೊಂಡ. ಅಪ್ಪ ಮಾತ್ರ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಸಲ ನೋಡಿದರು, ಪ್ಲೇಯರನ್ನು ಒಂದು ಸಲ ನೋಡಿದರು, ಹೋಗಿ ಕಪಾಟಿನಿಂದ ನಿನ್ನ ರೆಕಾರ್ಡ್ ತಂದರು. ಶಿಫಾರಸು ಯಾರದ್ದು ಎಂದು ಡಾಕ್ಟರು ಕೇಳಿದರು. ಅಣ್ಣ ತನ್ನ ಚಪ್ಪಲಿ ನೋಡಿಕೊಂಡ. ಅಪ್ಪ ತಮ್ಮ ಕುರ್ಚಿಯನ್ನೇ ಎತ್ತಿ ಗೋಡೆಯ ಕಡೆ ತಿರುಗಿಸಿ ಕೂತರು ಪೀಪಿ. ಬದುಕಿರುವವರಿಗಾಗಿ ಅವರು ತಿರುಗಿ ಕೂತದ್ದು ಇದೇ ಮೊದಲು. ನಿನ್ನ ದನಿ ಬಂತು, ನಮ್ಮ ಹಿತ್ತಿಲ ಬಾಗಿಲಿನದೇ ದನಿ. ಡಾಕ್ಟರು 'ಶ್ರುತಿ ಸ್ವಲ್ಪ ಜಾಸ್ತಿನೇ...' ಎಂದು ಮಾತು ತೆಗೆದರು. 'ಬಾಯಿ ಮುಚ್ಚಿ ಡಾಕ್ಟ್ರೇ' ಎಂದಿತು ಅಪ್ಪನ ಬೆನ್ನು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ಕೂತಿದ್ದರು, ಹಾಡಿನುದ್ದಕ್ಕೂ ಮತ್ತೆ ಹಾಕಿಕೊಳ್ಳಲೇ ಇಲ್ಲ. ಅದಿಲ್ಲದೆ ಆ ಪಟದ ಮೇಲಿನ ದೊಡ್ಡಕ್ಷರವೂ ಅವರಿಗೆ ಕಾಣುವುದಿಲ್ಲ. ರೆಕಾರ್ಡ್ ಮುಗಿದು ಮುಳ್ಳು ಕರಕರ ಎನ್ನುತ್ತಿದ್ದರೂ ತಿರುಗಲಿಲ್ಲ. ಕೊನೆಗೆ ಗೋಡೆಗೇ ಹೇಳಿದರು: 'ಅವಳಿಗೆ ಬರಿ, ಹಾಲಲ್ಲಿ ನಂಗೆ ಕೊನೇ ಸಾಲು, ಗೋಡೆ ಪಕ್ಕ. ನನ್ನ ಮುಖ ನೋಡಿದ್ರೆ ತಪ್ಪು ಹಾಡ್ತಾಳೆ.' ಹಾಲ್‌ನವರಿಗೆ ಹ್ಞೂಂ ಅನ್ನು. ನನಗೆ ಮಾತ್ರ ಮೊದಲ ಸಾಲಿನಲ್ಲೇ ಜಾಗ ಇಡಿಸು. ನಾನು ಶಿಫಾರಸು ಮಾಡಿದವಳಲ್ಲ, ಹೆತ್ತವಳು. ಮುಖ ತೋರಿಸಿಕೊಂಡೇ ಕೂರುತ್ತೇನೆ.