ಕೂಡಿಸುವಷ್ಟು ಆಳ

೨ ಜೂನ್ ೨೦೨೫, ಸೋಮವಾರ. ಸಂಜೆ ೬

ಇಡೀ ದಿನ ಆಸ್ಪತ್ರೆ. ಇವರು ಗಂಜಿ ಎರಡು ಚಮಚ ಕುಡಿದರು, ಆಮೇಲೆ ಬೇಡ ಎಂದರು. ಬೆನ್ನು ಒರೆಸಿದೆ. ಬೆನ್ನಿನಲ್ಲಿ ಏನೂ ಉಳಿದಿಲ್ಲ, ಎಲುಬು.

ನಾಲ್ಕರ ಸುಮಾರಿಗೆ ಎಚ್ಚರವಾಯಿತು.

"ನನ್ನ ಊರಿಗೆ ಒಯ್ಯಬ್ಯಾಡ. ಅಲ್ಲಿ ಜಾಗಾ ಎಲ್ಲೈತಿ?"

ನಿಜ. ಹೊಲ, ಹೊಲದಲ್ಲಿದ್ದ ಮಾವನವರ ಗದ್ದುಗೆ, ಎಲ್ಲ ಆಲಮಟ್ಟಿ ಹಿನ್ನೀರಿನ ತಳದಲ್ಲಿ.

"ಇಲ್ಲೇ, ಈ ಪರದೇಶದಾಗ ಕುಂಡ್ರಿಸಿ ಮಣ್ಣು ಮಾಡು. ಸುಡಬ್ಯಾಡ, ಮಲಗಿಸಬ್ಯಾಡ. ನಮ್ಮಪ್ಪನ್ನ ಕುಂಡ್ರಿಸಿದ್ಹಂಗ."

"ಎಂಥಾ ಮಾತ್ರೀ ಇವು..."

"ಹೂಂ ಅನ್ನು."

ಹೂಂ ಅಂದೆ.

೯ ಜೂನ್, ಸೋಮವಾರ. ಮಧ್ಯಾಹ್ನ

ನಿನ್ನೆ ನಸುಕಿನಲ್ಲಿ ಹೋದರು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶವಾಗಾರದಲ್ಲಿ ಮಲಗಿಸಿಬಿಟ್ಟಿದ್ದರು. ಊರಿನಲ್ಲಾದರೆ ಮೈ ಬಿಸಿಯಿರುವಾಗಲೇ ಗೋಡೆಗೆ ಆನಿಸಿ ಕೂಡಿಸುತ್ತಿದ್ದೆವು. ಈಗ ಅವರ ಕಾಲು ಕೋಲಿನಂತೆ ಸೆಟೆದಿವೆ.

ಓದುವಾಗ ಹಾಸ್ಟೆಲ್ ಮೆಸ್ಸಿನಲ್ಲಿ ಇವರ ಕೈಯಡಿಗೆ ಉಂಡ ಅಕ್ಷಿತಾ ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು, ಅವಳಿಗೆ ಗೊತ್ತು. "ಆ ಸ್ಟಿಫ್‌ನೆಸ್ ಹೋಗತ್ತಮ್ಮಾ. ಎರಡು ದಿನ ಬಿಟ್ರೆ ಕೂರಿಸ್ಬಹುದು. ಅಳ್ಬೇಡ" ಎಂದಳು. ಅಳುತ್ತಿದ್ದವಳು ಅವಳೇ.

ಮೂರು ಸ್ಮಶಾನಗಳಿಗೆ ಫೋನ್ ಮಾಡಿದಳು. ಕೂಡಿಸುವುದಕ್ಕೆ ಯಾರೂ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿ ತನ್ನಿ, ಇಲ್ಲವೇ ಸುಡಿ ಎಂದರು. ಒಪ್ಪಿದವನು ನಾವಿರುವ ಊರು ಬಾತು ಆರಾಂಗಿನ ಸ್ಮಶಾನ ನೋಡಿಕೊಳ್ಳುವ ಮುನಿಯಾಂಡಿ ಒಬ್ಬನೇ. ಇವರ ಗೆಳೆಯ. ಅವನ ತಮಿಳು ನನಗೆ ತಿಳಿಯುತ್ತದೆ, ನನ್ನ ಕನ್ನಡ ಅವನಿಗೆ.

೧೦ ಜೂನ್

ಬೆಳಿಗ್ಗೆ ಸ್ಮಶಾನಕ್ಕೆ ಹೋದೆ. ಮುಚ್ಚಿಹೋದ ಕಲ್ಲಿದ್ದಲು ಗಣಿಯ ಹಳೇ ಚಿಮಣಿಯ ಹಿಂದೆ. ಮರ ಬೆಳೆದು ಅದರ ಅರ್ಧ ಇಟ್ಟಿಗೆ ಉದುರಿವೆ.

ಹೇಗೆ ಎಂದು ಮುನಿಯಾಂಡಿಗೆ ನೆಲದ ಮೇಲೆ ಕೂತು ತೋರಿಸಿದೆ. ಚಕ್ಕಳಮಕ್ಕಳ, ಎಡಗೈಯಲ್ಲಿ ಲಿಂಗ. ಕುಣಿ ಆಳಿನೆತ್ತರ, ಒಳಗೆ ಪಕ್ಕಕ್ಕೊಂದು ಗೂಡು, ಗೂಡಿನಲ್ಲಿ ಕೂಡಿಸುವುದು.

ಅವನು ತಲೆ ಕೆರೆದುಕೊಂಡ. "ಅಷ್ಟು ಆಳಾನಾ ಅಕ್ಕಾ? ಈ ಊರು ನಿಂತಿರೋದು ಇಲಿ ಬಿಲದ ಮೇಲೆ. ಮೂರಡೀಲಿ ಇಟ್ರೆ ಸತ್ತೋರು ಇಟ್ಟಲ್ಲೇ ಇರ್ತಾರೆ. ಆರಡೀಲಿ ಇಟ್ರೆ ಎದ್ದು ಮೈನ್‌ಗೆ ಡ್ಯೂಟಿಗೆ ಹೋಗ್ತಾರೆ!"

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು... ಆಮೇಲೆ ನಾಚಿಕೆಯಾಯಿತು.

ತೋಡಿದ. ಎದೆ ಮಟ್ಟ ಬಂದಾಗ ಕಬ್ಬಿಣದ ಸರಳು ಹಾಕಿ ನೋಡಿದ. ಸರಳು ಕೈಯಿಂದ ಜಾರಿ ಪೂರ್ತಿ ಒಳಗೆ ಹೋಯಿತು. ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು. ಆ ಕುಣಿ ಮುಚ್ಚಿದ.

"ನಾಳೆ ಆ ಮೂಲೆ ನೋಡೋಣ."

ಮಣ್ಣು ಕಪ್ಪು. ಹಾಸ್ಟೆಲ್ ಮೆಸ್ಸಿನ ಅಡಿಗೆ ಕೆಲಸ ಬಿಟ್ಟ ಮೇಲೆ ಇವರು ಈ ಊರೇ ಬೇಕು ಎಂದು ಹಟ ಹಿಡಿದದ್ದು ಅದಕ್ಕೇ. ನಮ್ಮ ಎರೆ ಹೊಲದಂತೆ ಕಾಣುತ್ತದೆ ಎಂದು. ಕಲ್ಲಿದ್ದಲ ಪುಡಿ ಅದು. ಜೋಳ ಹಾಕಿದರು, ಮೊಳಕಾಲೆತ್ತರ ಬಂದು ಒಣಗಿತು. ಆದರೂ ಬಿಟ್ಟು ಹೋಗಲಿಲ್ಲ.

೧೧ ಜೂನ್. ಸಂಜೆ

ಮೂಲೆಯಲ್ಲಿ ಚೆನ್ನಾಗಿ ಇಳಿಯಿತು. ಸೊಂಟ, ಎದೆ, ಭುಜ. ಮುನಿಯಾಂಡಿಯ ತಲೆ ಮಾತ್ರ ಕಾಣುತ್ತಿತ್ತು. ಸಾಕು ಎನ್ನಬೇಕಿತ್ತು. ನಾನು ಗೂಡು ಕೊರೆಯಲು ಹೇಳಿದೆ.

ಪಕ್ಕದ ಮಣ್ಣು ಕುಸಿಯಿತು. ಹಿಂದೆ ಕರೀ ಮರದ ಕಂಬ, ಕಂಬದಾಚೆ ಕತ್ತಲೆ. ತಣ್ಣನೆ ಗಾಳಿ ಮುಖಕ್ಕೆ ಬಂತು. ಮುನಿಯಾಂಡಿಯನ್ನು ಅವನ ಆಳುಗಳು ಹಗ್ಗ ಹಾಕಿ ಮೇಲಕ್ಕೆ ಎಳೆದರು.

ಅವನು ಕುಣಿಯೊಳಗೆ ಬಗ್ಗಿ ನೋಡಿದ. "ನಮ್ಮ ತಾತ ಇಲ್ಲೆಲ್ಲೋ ಕಲ್ಲಿದ್ದಲು ಕಡಿದಿದ್ದು" ಎಂದ. ಆಮೇಲೆ, "ಆಗಲ್ಲ ಅಕ್ಕಾ. ಮಲಗಿಸೋಣ."

"ಮಲಗಿಸಬ್ಯಾಡ ಅಂದಾರಪ್ಪಾ."

ಅವನು ಬೂಟಿನೊಳಗಿನ ಮಣ್ಣು ಸುರಿದ.

೧೩ ಜೂನ್, ಶುಕ್ರವಾರ

ನಿನ್ನೆ ಬರೆಯಲಿಲ್ಲ.

ಊರ ಅಯ್ಯನವರಿಗೆ ವಿಡಿಯೋ ಕಾಲ್ ಮಾಡಿದೆವು. "ಕುಂಡ್ರಿಸಾಕ ಆಗ್ಲಿಲ್ಲಂದ್ರ ಏನ್ ಮಾಡ್ತೀ ತಂಗಿ, ಶಿವನ ಇಚ್ಛಾ" ಎಂದರು. ಹಿಂದೆ ಯಾರದೋ ಮದುವೆಯ ಬ್ಯಾಂಡು. ಅವಸರದಲ್ಲಿದ್ದರು.

ಇನ್ನು ಇಟ್ಟುಕೊಳ್ಳಲಾಗದು ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಮೈ ಈಗ ಸಡಿಲಾಗಿದೆಯಂತೆ. ಈಗ ಕೂಡಿಸಬಹುದಂತೆ, ಅಕ್ಷಿತಾ ನೋಡಿ ಬಂದು ಹೇಳಿದಳು. ಹೇಳಿ ಬಾಯಿ ಮುಚ್ಚಿಕೊಂಡಳು.

ಮಲಗಿಸ್ರಿ ಎಂದೆ. ನಾನೇ ಎಂದೆ.

"ಸುಡ್ತಿಲ್ವಲ್ಲಮ್ಮಾ. ಅರ್ಧ ಪ್ರಾಮಿಸ್ ಆದ್ರೂ ಉಳೀತು."

"ಅರ್ಧಾ ಮಾತು ಅಂತ ಇರೂದಿಲ್ಲವ್ವಾ."

ಮಲಗಿದವರ ಅಂಗೈಯಲ್ಲಿ ಲಿಂಗ ನಿಲ್ಲುವುದಿಲ್ಲ, ಉರುಳುತ್ತದೆ. ಕೈಗೆ ಬಟ್ಟೆ ಸುತ್ತಿ ಕಟ್ಟಬೇಕು. ಅವರ ಧೋತರದ ಅಂಚು ಹರಿದು ಇಟ್ಟಿದ್ದೇನೆ.

ಮುನಿಯಾಂಡಿ ಮೂರಡಿ ತೋಡಿ ಮೇಲೆ ತಗಡು ಮುಚ್ಚಿದ್ದಾನೆ. ನಾಳೆ ಒಂಬತ್ತಕ್ಕೆ ಗಾಡಿ ಬರುತ್ತದೆ. ಉದ್ದದ ಪೆಟ್ಟಿಗೆ.