ಅವ್ವನ ಹೆಸರಿಗೆ ಗಾಡಿ

8-7-2024, ಸೋಮವಾರ
ಇವತ್ತೂ ಮೊದಲ ಬಸ್ ನಿಲ್ಲಲಿಲ್ಲ. ಇರಕಲ್ಲಗಡ ಸ್ಟಾಪಿನಲ್ಲಿ ಅವ್ವ ನನ್ನನ್ನು ಬೆನ್ನಿಗೆ ಹೊತ್ತು ನಿಂತಿದ್ದಳು. ಡ್ರೈವರ್ ನೋಡಿದ, ಹೋದ. ನಮ್ಮನ್ನು ಹತ್ತಿಸಿಕೊಳ್ಳಲು ಹೊತ್ತು ಹಿಡಿಯುತ್ತದಲ್ಲ... ಟಿಕೆಟ್ಟಿನ ಚಿಂತೆ ಇಲ್ಲ. ಹೆಂಗಸರಿಗೆ ಫ್ರೀ, ನಮ್ಮಿಬ್ಬರಿಗೂ. ಬಸ್ ನಿಲ್ಲಬೇಕಷ್ಟೆ. ಕೊಪ್ಪಳ ಮುಟ್ಟುವಷ್ಟರಲ್ಲಿ ಫಸ್ಟ್ ಪಿರಿಯಡ್ ಮುಗಿದಿತ್ತು. ಸಂಜೆತನಕ ಅವ್ವ ಕಾಲೇಜಿನ ಬೇವಿನ ಮರದ ಕೆಳಗೆ. ದಿನಾ ಹೀಗೇ.

19-7-2024, ಶುಕ್ರವಾರ
ಕೊಪ್ಪಳದಲ್ಲಿ ಸ್ಕೂಟರ್ ಸೆಲೆಕ್ಷನ್ ಇತ್ತು. ಅಂಗವಿಕಲರಿಗೆ ಸರ್ಕಾರ ಕೊಡುವ, ಹಿಂದೆ ಎರಡು ಗಾಲಿ ಹೆಚ್ಚಿಗೆ ಇರುವ ಗಾಡಿ. ಹುಟ್ಟಿನಿಂದ ಕಾಲು ನಿಲ್ಲುವುದಿಲ್ಲ — ಅದರಲ್ಲಿ ಪಾಸಾದೆ. ಆಮೇಲೆ, "ಬ್ರೇಕ್ ಹಿಡಿಯವಾ" ಅಂದರು. ಕೈಯಲ್ಲೂ ಬಲವಿಲ್ಲ. ಬಲಗೈ ಹೆಬ್ಬೆರಳೊಂದೇ ಹೇಳಿದ್ದು ಕೇಳುತ್ತದೆ, ಇದನ್ನು ಫೋನಿನಲ್ಲಿ ಒತ್ತುತ್ತಿರುವುದೂ ಅದೇ. ಫೇಲ್.
ಹೇಮಾ ಮೇಡಂ, ಅಲ್ಲಿಯ ಆಫೀಸರ್, ಕೈಯಿಂದ ತಿರುಗಿಸುವ ಸೈಕಲ್ ಕೊಡಲೇ ಅಂದರು. ನನ್ನ ಕೈ ನೋಡಿ ಆ ಫಾರಂ ತಾವೇ ಮಡಚಿಟ್ಟರು.
ಅವ್ವ ಬಿಡಲಿಲ್ಲ. "ನನ್ನ ಹೆಸರಿಗೆ ಕೊಡ್ರಿ. ನಾ ಕಲ್ತು ಹೊಡಿತೀನಿ."
"ಗಾಡಿ ಅಂಗವಿಕಲರೇ ಹೊಡಿಬೇಕವ್ವಾ. ಹಂಗ ಐತಿ ನಿಯಮ."
"ಇಕಿ ಕಾಲು ನಾನ ಅದೀನಲ್ರಿ?"
ಯಾರೋ ನಕ್ಕರು. ಮೇಡಂ ನಗಲಿಲ್ಲ. "ನೀ ಹೇಳೂದು ಖರೆ ಐತಿ ಯಂಕವ್ವ. ಅದನ್ನ ಬರಿಯಾಕ ನನಗ ಕಾಲಂ ಇಲ್ಲ."
ನಮ್ಮೂರ ಹುಲಗಪ್ಪಣ್ಣ ಸೆಲೆಕ್ಟ್ ಆದ. ಕೊಪ್ಪಳದಲ್ಲಿ ಟೇಲರ್. ಒಂದು ಕಾಲು ಗಿಡ್ಡ, ಕೋಲು ಹಿಡಿದು ನಡೆಯುತ್ತಾನೆ. ನಮ್ಮ ಕಡೆ ನೋಡಲಾರದೆ ಹೊರಗೆ ಹೋದ. ಅವನದೇನು ತಪ್ಪು? ಕೈಕಾಲು ಹೆಚ್ಚು ಕೆಟ್ಟವರಿಗೆ ಸಿಗುವುದು ಕಡಿಮೆ... ಬರೆಯಲೂ ಸಾಕಾಗಿದೆ.

14-8-2024, ಬುಧವಾರ
ಬಸ್ಸಿನ ಮೆಟ್ಟಿಲಲ್ಲಿ ಬಿದ್ದೆವು. ನೂಕುನುಗ್ಗಲು. ನನಗೆ ಮೊಣಕೈ ತರಚಿತು. ಅವ್ವ ಏಳಲಿಲ್ಲ. ಬಿದ್ದಲ್ಲಿಂದಲೇ ಕೇಳಿದಳು, "ಅಮರಿ, ಪೆಟ್ಟಾತೇನು?" ಯಾರ ಮೇಲೆ ಅಂತ ಗೊತ್ತಿಲ್ಲ, ಭಾರೀ ಸಿಟ್ಟು ಬಂತು. ಸೊಂಟ ಉಳುಕಿದೆ, ಭಾರ ಎತ್ತುವಂತಿಲ್ಲ ಅಂದರು ಡಾಕ್ಟರ್. ಭಾರ ಅಂದರೆ ನಾನು.

6-9-2024, ಶುಕ್ರವಾರ
ಕಾಲೇಜಿಗೆ ಹೋಗದೆ ಮೂರು ವಾರ. ಅವ್ವ ಹೊರಸಿನ ಮೇಲೆ, ನಾನು ಗೋಡೆಗೆ ಒರಗಿ. ಮಂಗಳವಾರದಿಂದ ಎಕ್ಸಾಂ. ಬೇಡ ಬಿಡು ಅಂದೆ.
"ಇಷ್ಟು ವರ್ಷ ಹೊತ್ತಿದ್ದು ಯಾತಕ್ಕ?" ಅಂದಳು.
ಸಂಜೆ ಹುಲಗಪ್ಪಣ್ಣ ಹೊಸ ಸ್ಕೂಟರಿನಲ್ಲಿ ಬಂದ. "ನಾ ಹೆಂಗೂ ಕೊಪ್ಪಳಕ್ಕ ಹೋಗತೀನಿ. ಕರಕೊಂಡು ಹೋಗತೀನಿ." ಹಿಡಿದುಕೊಳ್ಳಲು ಹಿಂದೆ ಒಬ್ಬರು ಬೇಕು. ಪಕ್ಕದ ಮನೆ ನೂರಜಾನಬಿ ಒಪ್ಪಿದಳು. ಕೊಡಬೇಕಾದವರು ಕೊಡದ್ದನ್ನು ಇವರ ಹತ್ತಿರ ಇಸಕೊಳ್ಳುವುದು... ನಾಚಿಕೆ. ಆದರೂ ಹೂಂ ಅಂದೆ.

10-9-2024, ಮಂಗಳವಾರ
ಹೋದೆವು. ಮೂವರೂ. ನೂರಜಾನಬಿ ತನ್ನ ಓಢಣಿಯಿಂದ ನನ್ನನ್ನು ತನ್ನ ಎದೆಗೆ ಕಟ್ಟಿಕೊಂಡಳು. ಗಾಳಿ ನೇರ ಮುಖಕ್ಕೆ! ಎಕ್ಸಾಂನಲ್ಲಿ ನಾನು ಹೇಳುತ್ತಾ ಹೋದೆ, ಜೂನಿಯರ್ ಹುಡುಗಿ ಬರೆದಳು. ಹಿಸ್ಟರಿ ಛಲೋ ಆಯಿತು. ಬಂದು ಹೇಳಿದರೆ ಅವ್ವ ಅತ್ತಳು.

12-9-2024, ಗುರುವಾರ, ಸಂಜೆ 6
ನಾಳೆ ಎರಡನೇ ಪೇಪರ್. ಈಗ ಹುಲಗಪ್ಪಣ್ಣನ ಫೋನ್.
"ಅಮರಮ್ಮಾ, ಸರ್ಕಾರದ ಗಾಡಿಯಾಗ ಬಾಡಿಗಿ ಹೊಡಿತೀನಂತ ಯಾರೋ ಅರ್ಜಿ ಕೊಟ್ಟಾರವ್ವ. ವಾಪಸ್ ತೊಗೊಂತಾರಂತ. ನಾಳಿ ಬರಾಕ ಆಗಂಗಿಲ್ಲ..."
ಇರಲಿ ಅಣ್ಣ ಅಂದೆ.
ಅವ್ವ ಕೇಳಿಸಿಕೊಂಡಳು. ಗೋಡೆ ಹಿಡಿದು ಎದ್ದಳು. ಹಳೆ ಸೀರೆಯಿಂದ ಸೊಂಟ ಬಿಗಿದುಕೊಂಡಳು. ಬೇಡ ಅಂದೆ. ಅತ್ತುಬಿಟ್ಟೆ. ಕೇಳಲಿಲ್ಲ.
"ಎತ್ತಾಕ ಆಗತೈತೇನ ನೋಡ್ತೀನಿ. ಫೋನ್ ಇಡು."
ನನ್ನ ಬಗಲಿಗೆ ಕೈ ಹಾಕಿದ್ದಾಳೆ. ಇಡುತ್ತೇ