ಎಬೆನೇಜರ್ ಮೇಷ್ಟ್ರ ಕಲ್ಲು

ಮಂಗಳವಾರ, ೧೧ ಫೆಬ್ರವರಿ ೨೦೨೫

ನಿನ್ನೆ ಚಿಕ್ಕಲಸಂದ್ರದ ನಮ್ಮ ಪಾರ್ಕಿನಿಂದ, ಹಿಂದೆ ಇಲ್ಲಿ ಪಾಠ ಹೇಳುತ್ತಿದ್ದ ಎಬೆನೇಜರ್ ಮೇಷ್ಟ್ರ ಹೆಸರಿನ ಕಲ್ಲನ್ನು ಬಡಾವಣೆ ಸಂಘದವರು ಕಿತ್ತರು. ಇವತ್ತು ನೋಡಿದರೆ ಅದು ಮೋರಿಯ ಮೇಲೆ ಚಪ್ಪಡಿಯಾಗಿ ಬಿದ್ದಿದೆ. ಸಂಘದ ಕಾರ್ಯದರ್ಶಿ ಸೋಮನಾಥನನ್ನು ಯಾಕೆಂದು ಕೇಳಿದೆ.

"ಅದ್ಯಾವ್ದೋ ಫಾರಿನ್ ಹೆಸ್ರು ಅಂಕಲ್, ನಮ್ಮ ಏರಿಯಾಗೆ ಸೂಟ್ ಆಗಲ್ಲ. ಮೋರಿಗಾದ್ರೂ ಆಗ್ಲಿ ಬಿಡಿ."

ಎಬೆನೇಜರ್ ಅಂದರೆ ಹೀಬ್ರೂ ಭಾಷೆಯಲ್ಲಿ ಸಹಾಯದ ಕಲ್ಲು ಎಂದೇ ಅರ್ಥ. ಯುದ್ಧದಲ್ಲಿ ಉಳಿದ ಜನ ತಮ್ಮನ್ನು ಕಾಯ್ದ ದೇವರನ್ನು ಮರೆಯಬಾರದೆಂದು ಬೈಬಲಿನ ಪ್ರವಾದಿ ಸಮುವೇಲ ನೆಟ್ಟ ಕಲ್ಲಿನ ಹೆಸರು ಅದು. ನಾವು ಮರೆತದ್ದಲ್ಲದೆ ತುಳಿಯುತ್ತಲೂ ಇದ್ದೇವೆ.

ಸೋಮನಾಥನ ಅಜ್ಜಿ ಸಿದ್ದಗಂಗಮ್ಮ ಅಕ್ಷರ ಕಲಿತದ್ದು ಮೇಷ್ಟ್ರ ಸಂಜೆ ಪಾಠದಲ್ಲಿ. ಬದುಕಿರುವವರೆಗೂ ಪ್ರತಿ ವರ್ಷ ಆಯುಧಪೂಜೆಯ ದಿನ ಪಾರ್ಕಿನ ಆ ಕಲ್ಲಿಗೆ ಕುಂಕುಮ ಇಡುತ್ತಿದ್ದರು.

ಭಾನುವಾರ ಸಂಘದ ಸಭೆಯಲ್ಲಿ ಸೋಮನಾಥ ಎಲ್ಲರೆದುರು ಎದ್ದು ನಿಲ್ಲಲಿ. ಅಜ್ಜಿಗೆ ಓದು ಕಲಿಸಿದವರ ಹೆಸರು ಇವನ ಬಾಯಿಂದಲೇ ಬರಲಿ.